ಮೂರು ಯುಗಾದಿಯ ಹಗ್ಗ

ವೈಶಾಖ ಬಂತೆಂದರೆ ಠಾಣಾ ಕುಶನೂರಿನ ಮಡೆಪ್ಪನ ಬಾವಿ ಮುದುಕಿಯ ಹಾಗೆ ಕೆಮ್ಮುತ್ತಿತ್ತು. ಎತ್ತು ಕಟ್ಟಿ ಎಳೆದ ತೊಗಲಿನ ಮೋಟ ಮೇಲೆ ಬಂದರೆ ಅದರಲ್ಲಿ ನೀರಿಗಿಂತ ಕೆಸರೇ ಹೆಚ್ಚು. ಆಗ ಒಬ್ಬ ಮನುಷ್ಯ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಎಂಟಾಳು ಆಳದ ಆ ಬಾವಿಗೆ ಇಳಿಯಬೇಕು, ಬುಟ್ಟಿ ಬುಟ್ಟಿ ಹೂಳು ತುಂಬಿ ಮೇಲೆ ಕಳಿಸಬೇಕು. ಪ್ರತಿ ವರ್ಷದ ಕೆಲಸ. ಅದು ನಿಜಾಮರ ಕಾಲ. ಬೀದರಕ್ಕೆ ರೈಲು ಬರುತ್ತದಂತೆ ಎಂಬ ಸುದ್ದಿ ಬಂದಿತ್ತೇ ಹೊರತು ರೈಲು ಬಂದಿರಲಿಲ್ಲ.

ಮಡೆಪ್ಪನ ಮನೆಯಲ್ಲಿ ಹಗ್ಗದ ಬಗ್ಗೆ ಒಂದು ನೇಮ ಇತ್ತು. ಹೊಸ ಹಗ್ಗ ತಂದರೆ ಅದು ಮೊದಲು ಎತ್ತಿಗೆ. ವರ್ಷಗಟ್ಟಲೆ ಮೋಟ ಎಳೆದು ಎಳೆದು ಹಗ್ಗ ಪಳಗಬೇಕು. ಪಳಗಿ ಹಳೆಯದಾದ ಮೇಲೆ ಅದು ಮನುಷ್ಯರ ಕೆಲಸಕ್ಕೆ. ಬಾವಿಗೆ ಇಳಿಯುವವನ ಸೊಂಟಕ್ಕೆ ಅದೇ, ಕೂಸಿನ ತೊಟ್ಟಿಲಿಗೂ ಅದರದೇ ತುಂಡು.

"ಹೊಸಾ ಹಗ್ಗ ಅಂದ್ರ ಹೊಸಾ ಅಳಿಯ ಇದ್ದಂಗ," ಎನ್ನುತ್ತಿದ್ದ ಮಡೆಪ್ಪ. "ಮಾತು ಭಾಳ, ಭರೋಸಾ ಇಲ್ಲ. ಹಳೇ ಹಗ್ಗ ಹೆತ್ತ ತಾಯಿ. ಕೈ ಬಿಡಲ್ಲ."

ಹಾಗೆ ಮನುಷ್ಯರ ಪಾಲಿಗೆ ಬಂದ ಹಗ್ಗವನ್ನು ಮನೆಯವರು 'ಹಿರಿಯಾ' ಎಂದೇ ಕರೆಯುತ್ತಿದ್ದರು. ಅಮಾವಾಸ್ಯೆಗೊಮ್ಮೆ ಅದಕ್ಕೆ ಔಡಲ ಎಣ್ಣೆ. ದೀಪಾವಳಿಗೆ ಮೂರೆಳೆ ವಿಭೂತಿ. ಎಣ್ಣೆ ಕುಡಿದು ಕುಡಿದು ಅದು ಗೂಟಕ್ಕೆ ಸುತ್ತಿಕೊಂಡು ಮಲಗಿದ ನಾಗರದ ಹಾಗೆ ಕರ್ರಗೆ ಹೊಳೆಯುತ್ತಿತ್ತು. ನೋಡಿದವರು ಯಾರೂ ಅದಕ್ಕೆ ವಯಸ್ಸಾಗಿದೆ ಎನ್ನುತ್ತಿರಲಿಲ್ಲ.

ಆ ಮನೆಯ ಸೊಸೆ ಕಸ್ತೂರಿಬಾಯಿ. ಭಾಲ್ಕಿಯ ಹುಡುಗಿ. ಮದುವೆಯಾಗಿ ಎರಡು ವರ್ಷ, ಮಡಿಲಲ್ಲಿ ಐದು ತಿಂಗಳ ಹೆಣ್ಣು ಕೂಸು. ಬಾವಿಗೆ ಇಳಿಯುವವನು ಅವಳ ಗಂಡ ಹಾವಗೆಪ್ಪ. ಹೋದ ವರ್ಷ ಅವನು ಇಳಿದಾಗ ಅವಳು ಅಡಿಗೆಮನೆಯಲ್ಲಿ ಕಿವಿ ಮುಚ್ಚಿಕೊಂಡು ಕೂತಿದ್ದಳು. ಈ ವರ್ಷ ಬೆಳಗಾದರೆ ಹೂಳು ತೆಗೆಯುವುದೆಂದು ಗೊತ್ತಾದಾಗಿನಿಂದ ಅವಳ ಎದೆಯಲ್ಲಿ ಒಂದು ಬುಟ್ಟಿ ಕೆಸರು ಬಂದು ಕೂತಿತ್ತು.

ಆ ಸಂಜೆಯೇ ತೊಟ್ಟಿಲು ಬಿತ್ತು.

ಅತ್ತೆ ಗುಂಡಮ್ಮ ಜೋಗುಳ ಹಾಡುತ್ತ ಮೆಲ್ಲಗೆ ತೂಗುತ್ತಿದ್ದಳು. ಟಪ್ ಎಂದಿತು, ಅಷ್ಟೇ. ಒಂದು ಕಡೆಯ ಹಗ್ಗ ಕಿತ್ತು ತೊಟ್ಟಿಲು ಓರೆಯಾಯಿತು, ಕೂಸು ಕೌದಿಯ ಮೇಲೆ ಉರುಳಿತು. ಹಣೆಗೆ ಒಂದು ಸಣ್ಣ ಬುಗುಟು, ಬೇರೇನಿಲ್ಲ.

"ದೃಷ್ಟಿ ಆಗ್ಯದ," ಎಂದಳು ಗುಂಡಮ್ಮ, ಉಪ್ಪು ಮೆಣಸಿನಕಾಯಿ ಹುಡುಕುತ್ತ. "ಮುಂಜಾನೆ ಆ ಗೋರಖನಾಥನ ಹೆಂಡ್ತಿ ಬಂದು 'ಕೂಸು ದುಂಡಗಾಗ್ಯದ' ಅಂದಳು. ಆಗೇ ನನ್ನ ಬಲಗಣ್ಣು ಹಾರ್ತು."

ಕಸ್ತೂರಿ ಕಿತ್ತುಹೋದ ತುದಿಯನ್ನು ಕೈಗೆ ತೆಗೆದುಕೊಂಡಳು. ಹೊರಗೆ ಗಟ್ಟಿ, ನುಣುಪು. ಉಗುರಿನಿಂದ ಎಳೆ ಬಿಡಿಸಿದಳು. ಒಳಗೆ ನಾರೇ ಇರಲಿಲ್ಲ. ಹುಳ ತಿಂದ ಜೋಳದ ಕಾಳಿನ ಹಾಗೆ ಬರೀ ಹಿಟ್ಟು. ಬೆರಳಿಗೆ ಹತ್ತಿದ ಆ ಕಂದು ಪುಡಿಯನ್ನು ಊದಿದರೆ ಹಾರಿಹೋಯಿತು.

ಇದು ಹಿರಿಯಾನ ತುಂಡು. ಬೆಳಗಾದರೆ ಗಂಡ ಸೊಂಟಕ್ಕೆ ಬಿಗಿದುಕೊಳ್ಳುವುದು ಉಳಿದದ್ದನ್ನು.

ಹಾವಗೆಪ್ಪ ಹೊಲದಿಂದ ಬಂದಾಗ ಅವಳು ಆ ತುದಿ ತೋರಿಸಿದಳು. "ನಮ್ಮಪ್ಪ ಭಾಲ್ಕಿ ಹತ್ತಿ ಜಿನ್ನಿನಾಗ ಕೆಲಸ ಮಾಡ್ತಾನಲ್ರಿ. ಅಲ್ಲಿ ಗಾಲಿ ತಿರುಗಸೋ ಪಟ್ಟಾ ಇರ್ತದ. ಅದಕ್ಕ ಇಷ್ಟು ತಿಂಗಳ ಅಂತ ಗೋಡಿ ಮ್ಯಾಲ ಗೀಟು ಹಾಕಿರ್ತಾರ. ತಿಂಗಳ ತುಂಬಿದ್ರ ಚಲೋ ಇದ್ದದ್ದೇ ತೆಗೆದು ಒಗೀತಾರ. ನಾ ಸಣ್ಣಾಕಿ ಇದ್ದಾಗ ಕೇಳಿದ್ದೆ, ಚಲೋದು ಯಾಕ ಒಗೀತಿ ಅಪ್ಪಾ ಅಂತ."

"ಏನಂದ?"

"ಚಲೋ ಇದ್ದಾಗ ತೆಗೀಲಿಲ್ಲಂದ್ರ ಅದು ಕೈ ತೆಗೀತದ ಅಂದ."

ಹಾವಗೆಪ್ಪ ಆ ತುದಿಯನ್ನು ಬೆರಳಲ್ಲಿ ಹೊಸಕಿ ನೋಡಿದ. ಅವನ ಮುಖ ಸಪ್ಪಗಾಯಿತು. ಆದರೆ ಒಳಗಿನಿಂದ ಅಪ್ಪನ ಕೆಮ್ಮು ಕೇಳಿದ್ದೇ ತುದಿ ಕೆಳಗಿಟ್ಟ. "ಅಪ್ಪಗ ಇದು ಹ್ಯಾಂಗ ಹೇಳಲಿ? ಹಿರಿಯಾಗ ಹುಳ ಬಿದ್ದದ ಅಂದ್ರ ಅಪ್ಪಗೇ ಅಂದಂಗ ಆಗ್ತದ."

ಮರುದಿನ ಬಿಸಿಲೇರುವ ಮುಂಚೆ ಬಾವಿಯ ಕಟ್ಟೆಯಲ್ಲಿ ಜನ ಸೇರಿದರು. ಹಗ್ಗ ಹಿಡಿಯಲು ನಾಲ್ಕು ಮಂದಿ, ನೋಡಲು ಹತ್ತು ಮಂದಿ. ಬಾಯಿ ಆಡಿಸಲು ನೆರೆಮನೆಯ ಗೋರಖನಾಥ ಒಬ್ಬನೇ ಸಾಕಾಗಿತ್ತು. ಅಷ್ಟರಲ್ಲಿ ಔರಾದಿನ ದಾರಿಯಿಂದ ತಲೆಯ ಮೇಲೆ ಹಗ್ಗದ ಸಿಂಬೆಗಳನ್ನು ಹೊತ್ತುಕೊಂಡು ಶೇವಂತಾಬಾಯಿ ಬಂದಳು. ಪುಂಡಿನಾರು ಹೊಸೆದು ಊರೂರಿಗೆ ಹಗ್ಗ ಕೊಡುವವಳು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಬರುವವಳೇ.

ಹೊರೆ ಇಳಿಸಿ ನೀರು ಕೇಳಿದಳು. ಕುಡಿಯುತ್ತ ಕುಡಿಯುತ್ತ ಅವಳ ಕಣ್ಣು ಕಟ್ಟೆಯ ಮೇಲಿದ್ದ ಹಗ್ಗದ ಮೇಲೆ ನಿಂತಿತು. ಅದರ ಬಾಲದಲ್ಲಿ ಎಳೆಯೊಳಗೆ ಸೇರಿಸಿ ಹೊಸೆದ ಒಂದು ಹಸಿರು ಚಿಂದಿ ಇತ್ತು.

"ಧಣೇರ, ಇದು ನಮ್ಮನಿ ಹಗ್ಗ. ಹಸರು ಚಿಂದಿ ಹಾಕಿ ಹೊಸೆದದ್ದು ನಾನೇ. ಏಳು ಯುಗಾದಿ ಆಯ್ತಲ್ರಿ! ಇದನ್ನ ಇಲ್ಯಾಕ ತಂದೀರಿ?"

"ಯಾಕಂದ್ರ? ನನ್ನ ಮಗ ಇಳೀತಾನ ಇದರ ಮ್ಯಾಲ."

ಶೇವಂತಾಬಾಯಿಯ ಕೈಯಲ್ಲಿದ್ದ ತಂಬಿಗೆ ಕೆಳಗೆ ಕೂತಿತು. "ಕೊಡುವಾಗ ಹೇಳಿದ್ದೆ. ಮೂರು ಯುಗಾದಿ, ಮ್ಯಾಲ ಒಂದು ದಿನಾ ಬ್ಯಾಡ್ರಿ ಅಂತ."

"ನೀ ಹೇಳಿದ್ದಿ ಖರೆ," ಎಂದ ಮಡೆಪ್ಪ ಮೀಸೆಯಲ್ಲೇ ನಗುತ್ತ. "ಹಗ್ಗ ಕೇಳಿಸಿಕೊಳ್ಳಲಿಲ್ಲ."

ಜನ ನಕ್ಕರು. ಗೋರಖನಾಥ ಸುಮ್ಮನಿರುವನೆ? "ಹಗ್ಗ ಮಾರಾಕಿ ಹಳೇದು ಚಲೋ ಅದ ಅಂತಾಳೇನೋ! ಹೂ ಮಾರಾಕಿ ನಿನ್ನೀ ಹೂ ಬಾಡ್ಯಾವ ಅಂದಂಗ."

"ದುಡ್ಡು ಬ್ಯಾಡ್ರಿ," ಎಂದಳು ಶೇವಂತಾಬಾಯಿ. ತನ್ನ ಹೊರೆಯಿಂದ ಹೊಸ ಸಿಂಬೆಯೊಂದನ್ನು ತೆಗೆದು ಕಟ್ಟೆಯ ಮೇಲಿಟ್ಟಳು. "ಇದು ಇಟ್ಕೋರಿ. ಆ ಹಳೇದು ನನಗ ಕೊಡ್ರಿ, ನಾ ಸುಟ್ಟು ಹೋಗ್ತೇನಿ."

ಸುಡುವ ಮಾತಿಗೆ ಮಡೆಪ್ಪನ ನಗು ನಿಂತಿತು. ಕಸ್ತೂರಿ ಕೂಸನ್ನು ಎತ್ತಿಕೊಂಡು ಗಂಡಸರ ನಡುವೆಯೇ ಬಂದು, ಸೆರಗಿನಲ್ಲಿ ಕಟ್ಟಿಕೊಂಡಿದ್ದ ತುದಿಯನ್ನು ಬಿಚ್ಚಿ ಮಾವನ ಮುಂದೆ ಹಿಡಿದಳು. "ಮಾವಾರ, ನಿನ್ನೆ ತೊಟ್ಟಲಾ ಬಿದ್ದಿದ್ದು ದೃಷ್ಟಿಗಲ್ರಿ. ಒಳಗ ನೋಡ್ರಿ, ಹಿಟ್ಟಾಗ್ಯದ."

"ಇಲಿ ಕಡದದ," ಎಂದ ಮಡೆಪ್ಪ, ನೋಡದೆಯೇ.

ಶೇವಂತಾಬಾಯಿ ಕಟ್ಟೆಯ ಕೆಳಗೆ ಕೂತಳು. ಅವಳ ದನಿ ಈಗ ಮಾರುವವಳ ದನಿಯಾಗಿರಲಿಲ್ಲ.

"ನಮ್ಮಜ್ಜಿ ಒಂದು ಕಥಿ ಹೇಳ್ತಿದ್ದಳು ಧಣೇರ. ಶಿವ ಎಲ್ಲಾರಿಗೂ ಆಯುಷ್ಯ ಹಂಚಲಾಕ ಕೂತನಂತ. ಮನುಷ್ಯಾಗ ನೂರು, ಎತ್ತಿಗಿ ಇಪ್ಪತ್ತು, ನಾಯಿಗಿ ಹನ್ನೆರಡು. ಎಲ್ಲಾ ಹಂಚಿ ಏಳೂದ್ರೊಳಗ ಹಗ್ಗ ಬಂತು, ಗಾಲಿ ಬಂತು, ನೇಗಿಲ ಕುಡ ಬಂತು. 'ಯಪ್ಪಾ, ನಮಗ?' ಅಂದ್ವು. ಶಿವ ಅಂದ, 'ನಿಮ್ಮನ್ನ ನಾ ಮಾಡಿಲ್ಲ. ನಿಮ್ಮ ಹಣೀಬರಾ ನಿಮ್ಮನ್ನ ಮಾಡಿದವರೇ ಬರೀಲಿ. ಅದನ್ನ ಓದೋದು ನಿಮ್ಮನ್ನ ದುಡಸೋರ ಪಾಲಿಂದು.' ನಾ ಮಾಡಿದಾಕಿ, ಬರೆದು ಕೊಟ್ಟೀನಿ, ಮೂರು ಅಂತ. ನೀವು ಓದಲಿಲ್ಲ."

"ಕಥಿ ಹೇಳಿ ಬಾವಿ ತೋಡ್ಲಿಕ್ಕಾಗಲ್ಲ ತಂಗಿ."

"ನನ್ನ ಗಂಡ ನರಸಿಂಗನೂ ಹೀಂಗೇ ಅಂತಿದ್ದ," ಎಂದಳು ಅವಳು. "ಔರಾದ ಹತ್ರ ಒಂದು ಬಾವಿಗಿ ಇಳದಾ. ಹಗ್ಗ ನಾನೇ ಹೊಸೆದದ್ದು, ಲಗ್ನ ಆದ ವರ್ಷ. ಐದು ಯುಗಾದಿ ಆಗಿತ್ತು. ನನ್ನ ಕೈ ಕೆಲಸ ಅಂತ ಅವಗ ಭಾಳ ಭರೋಸಾ." ಬಳೆಯಿಲ್ಲದ ಅವಳ ಬರಿಗೈ ಎಲ್ಲರಿಗೂ ಕಾಣುತ್ತಿತ್ತು.

ಮಡೆಪ್ಪ ಕೆಟ್ಟ ಮನುಷ್ಯನಲ್ಲ. ಅವನಿಗೂ ಅಳುಕು ಬಂದಿರಬೇಕು. "ಆಯ್ತು, ಪರೀಕ್ಷಾ ಮಾಡೂಣು," ಎಂದ. ದೊಡ್ಡ ಬುಟ್ಟಿಗೆ ಕಲ್ಲು ತುಂಬಿಸಿದ. ಎರಡಾಳಿನ ತೂಕ. ಹಿರಿಯಾನಿಗೆ ಕಟ್ಟಿ ಬಾವಿಗೆ ಇಳಿಸಿ, ಎತ್ತಿಸಿದ. ಒಂದು ಸಲವಲ್ಲ, ಹತ್ತು ಸಲ. ಬಾವಿಯ ಗಾಲಿ ಕಿರುಗುಟ್ಟಿತು, ಹಗ್ಗ ಮಿಸುಕಲಿಲ್ಲ.

"ಏನವ್ವಾ ಶೇವಂತಾ!" ಗೋರಖನಾಥ ತೊಡೆ ತಟ್ಟಿದ. "ಇಬ್ಬರ ತೂಕಾ ಹತ್ತು ಸಲ! ಇನ್ನೇನ ಆನಿ ಕಟ್ಟಬೇಕೇನು?"

"ಹತ್ತು ಸಲ ತಡೀತು ಅಂದ್ರ ಹನ್ನೊಂದನೇದು ತಡೀತದ ಅಂತಲ್ರಿ," ಎಂದಳು ಶೇವಂತಾಬಾಯಿ. "ಇದ್ದ ಸ್ವಲ್ಪ ಉಸರಿನಾಗ ಹತ್ತು ಖರ್ಚು ಆಯ್ತು ಅಂತ."

ಆ ಮಾತು ನಗೆಯಲ್ಲಿ ಮುಳುಗಿತು. ಹಾವಗೆಪ್ಪ ಅಂಗಿ ಕಳಚಿ ಮುಂದೆ ಬಂದ. ಹಗ್ಗ ಸೊಂಟಕ್ಕೆ ಸುತ್ತುವಾಗ ಕಸ್ತೂರಿ ಅವನ ಕೈ ಹಿಡಿದಳು. ಹತ್ತು ಮಂದಿಯ ಮುಂದೆ ಸೊಸೆಯೊಬ್ಬಳು ಗಂಡನ ಕೈ ಹಿಡಿಯುವ ಕಾಲ ಅದಲ್ಲ. ಆದರೂ ಹಿಡಿದಳು. "ಇಳಿಬ್ಯಾಡ್ರಿ. ನಿಮ್ಮ ಕಾಲಿಗಿ ಬೀಳ್ತೇನಿ. ಹೊಸಾದು ಇಲ್ಲೇ ಅದ, ಅದನ್ನ ಕಟ್ಕೋರಿ."

ಹಾವಗೆಪ್ಪ ಹೆಂಡತಿಯನ್ನು ನೋಡಿದ, ಅಪ್ಪನನ್ನು ನೋಡಿದ. ಗಂಟು ಹಾಕುತ್ತಿದ್ದ ಕೈ ಅಲ್ಲೇ ನಿಂತಿತು.

ಮಡೆಪ್ಪನ ಮುಖ ಕೆಂಪಾಯಿತು. "ಬಿಡಲೇ ಹಾವಗ್ಯಾ. ಈ ಮನಿ ಹಗ್ಗಕ್ಕ ಈ ಮನಿ ಸೊಸಿನೇ ಸಾಕ್ಷಿ ಹೇಳಲ್ಲಂದ್ರ ನಾ ಹೇಳ್ತೇನಿ. ನಾನೇ ಇಳೀತೇನಿ."

"ಮಾವಾರ, ನಾ ಹಂಗ ಅನ್ಲಿಲ್ರಿ..."

"ಸರಿ ಆ ಕಡಿ!"

ಐವತ್ತೆಂಟು ವರ್ಷದ ಮನುಷ್ಯ, ತಲೆಯ ರುಮಾಲನ್ನೂ ಬಿಚ್ಚದೆ, ಹಗ್ಗ ಬಿಗಿದುಕೊಂಡು ಬಾವಿಗೆ ಇಳಿದೇಬಿಟ್ಟ. ಗಾಲಿ ತಿರುಗಿತು. ಬಿಳಿ ರುಮಾಲು ಸಣ್ಣದಾಗುತ್ತ ಆಗುತ್ತ ಕತ್ತಲಲ್ಲಿ ಮಲ್ಲಿಗೆ ಮೊಗ್ಗಿನಷ್ಟಾಯಿತು. ಆಮೇಲೆ ಬಾವಿಯ ಹೊಟ್ಟೆಯಿಂದ ಅವನ ದನಿ ಗುಡುಗಿ ಬಂತು:

"ಯವ್ವಾ ಕಸ್ತೂರೀ! ಬಂದೆ ನೋಡು ತಳಕ್ಕ! ನಿನ್ನ ಹಗ್ಗದಾನ ಹಿಟ್ಟು ಎಲ್ಲಿ ಅದ?"

ಮೇಲಿದ್ದವರೆಲ್ಲ ನಕ್ಕರು. ಕಸ್ತೂರಿಯೂ ಅಳುತ್ತ ಅಳುತ್ತ ನಕ್ಕಳು. ಆ ನಗು ಅವಳಿಗೆ ಬದುಕಿಡೀ ನೆನಪಿತ್ತು.

ಮಡೆಪ್ಪ ಮಧ್ಯಾಹ್ನದವರೆಗೆ ದುಡಿದ. ಹರೆಯದವನ ಹಾಗೆ ಇಪ್ಪತ್ತು ಬುಟ್ಟಿ ಹೂಳು ತುಂಬಿ ಅದೇ ಹಗ್ಗದಲ್ಲಿ ಕಳಿಸಿದ. ಒಂದೊಂದು ಬುಟ್ಟಿ ಬಂದಾಗಲೂ ಗೋರಖನಾಥ ಶೇವಂತಾಬಾಯಿಯ ಕಡೆ ನೋಡಿ ಬೆರಳು ಮಡಚುತ್ತಿದ್ದ. ಅವಳು ಎದ್ದು ಹೋಗಲಿಲ್ಲ. ಹೊಸ ಹಗ್ಗದ ಸಿಂಬೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು.

ಕೊನೆಗೆ "ಎಳೀರಿ!" ಎಂಬ ಕೂಗು ಬಂತು. ಹಾವಗೆಪ್ಪ ಮತ್ತು ಮೂವರು ಹಗ್ಗ ಎಳೆದರು. ಮಲ್ಲಿಗೆ ಮೊಗ್ಗು ದೊಡ್ಡದಾಗುತ್ತ ಬಂತು. ರುಮಾಲು ಕಂಡಿತು, ಕೆಸರು ಮೆತ್ತಿದ ಮೀಸೆ ಕಂಡಿತು. ಕಟ್ಟೆಯ ಕಲ್ಲು ಹಿಡಿಯಲು ಅವನು ಕೈ ಚಾಚಿದ. ಇನ್ನೊಂದು ಮೊಳ.

ಒಣಗಿದ ಜೋಳದ ದಂಟು ಮುರಿದಂಥ ಸಣ್ಣ ಸದ್ದು.

ಎಳೆಯುತ್ತಿದ್ದ ನಾಲ್ವರೂ ಹಿಂದಕ್ಕೆ ಬಿದ್ದರು. ಅವರ ಕೈಯಲ್ಲಿ ಹಗುರಾದ ಹಗ್ಗ ಇತ್ತು. ಅದರ ತುದಿಯಿಂದ ಕಂದು ಪುಡಿ ಉದುರುತ್ತಿತ್ತು.

ಮುಂದಿನದನ್ನು ಕಸ್ತೂರಿ ತುಂಡು ತುಂಡಾಗಿ ಮಾತ್ರ ಕಂಡಳು. ಅತ್ತೆ ಬಾವಿಯ ಕಡೆ ಓಡುತ್ತಿದ್ದಳು. ಶೇವಂತಾಬಾಯಿ ಓಡಿ ಬಂದು ಹೊಸ ಹಗ್ಗವನ್ನು ಹಾವಗೆಪ್ಪನ ಸೊಂಟಕ್ಕೆ ಬಿಗಿದಳು. ಆ ಹೊತ್ತು ಹೊಸ ಹಗ್ಗ ಪಳಗಿಸಲು ಯಾರಿಗೂ ಪುರಸತ್ತಿರಲಿಲ್ಲ. ಎತ್ತಿಗೆ ಮೊದಲು, ಮನುಷ್ಯನಿಗೆ ಆಮೇಲೆ ಎಂಬ ನೇಮ ಯಾರ ಬಾಯಿಗೂ ಬರಲಿಲ್ಲ. ಮಗ ಇಳಿದ. ಅಪ್ಪನನ್ನು ಬೆನ್ನಿಗೆ ಕಟ್ಟಿಕೊಂಡು ಮೇಲೆ ಬಂದ. ಇಬ್ಬರ ಭಾರ ಹೊತ್ತ ಹೊಸ ಹಗ್ಗ ತಂತಿಯ ಹಾಗೆ ಬಿಗಿದು ನಿಂತಿತ್ತು.

ಔರಾದಿನಿಂದ ಹಕೀಮ ನಜಮೋದ್ದೀನ ಬಂಡಿಯಲ್ಲಿ ಬಂದರು. ಬೆನ್ನು ಮುಟ್ಟಿ ನೋಡಿದರು, ಕಾಲು ಚಿವುಟಿ ನೋಡಿದರು. ಹೊರಗೆ ಬಂದು ಹಾವಗೆಪ್ಪನ ಹೆಗಲ ಮೇಲೆ ಕೈ ಇಟ್ಟು, "ಬೇಟಾ, ಬೀದರಕ್ಕ ಒಯ್ದರೂ ದಾರ್ಯಾಗ ತ್ರಾಸೇ ಹೊರತು ಬ್ಯಾರೆ ಏನಿಲ್ಲ. ಹತ್ರ ಕೂಡು," ಎಂದರು.

ಮೂರು ದಿನ ಮಡೆಪ್ಪ ಜಂತಿ ನೋಡುತ್ತ ಮಲಗಿದ್ದ. ಎರಡನೆಯ ಸಂಜೆ ಸೊಸೆಯನ್ನು ಕರೆದ. ಅವಳು ಗಂಜಿಯ ಬಟ್ಟಲು ಹಿಡಿದು ಬಂದಳು. ಅವನಿಗೆ ಗಂಜಿ ಬೇಕಿರಲಿಲ್ಲ.

"ಆ ಶೇವಂತಾ ಎಷ್ಟು ಅಂದಿದ್ದಳವ್ವಾ?"

"ಮೂರು ಯುಗಾದಿ ಅಂದಿದ್ರು ಮಾವಾರ."

"ಆಗಿದ್ದು?"

ಕಸ್ತೂರಿ ಗಂಜಿಯ ಬಟ್ಟಲನ್ನು ಕೆಳಗಿಟ್ಟಳು. ಅವನೇ ಬೆರಳು ಮಡಚಿದ. "ಏಳು. ಅಂದ್ರ ನಾಕು ಯುಗಾದಿ ಹೆಚ್ಚಿಗಿ. ಆ ನಾಕು ಅದು ನಮಗ ದಾನಾ ಕೊಟ್ಟಿತ್ತು ತಂಗಿ. ನಾ ಹಕ್ಕು ಅಂತ ತಿಳಕೊಂಡೆ." ಉಸಿರು ಎಳೆದುಕೊಂಡು, ಮೂಲೆಯಲ್ಲಿ ನೆಲದ ಮೇಲೆ ಮಲಗಿದ್ದ ಮೊಮ್ಮಗಳ ಕಡೆ ಕತ್ತು ತಿರುಗಿಸಿದ. "ಹೊಸಾದು... ತೊಟ್ಟಲಕ್ಕ ಮೊದಲು."

ನಾಲ್ಕನೆಯ ದಿನ ಬೆಳಿಗ್ಗೆ ಅವನಿಗೆ ಮಣ್ಣು ಕೊಟ್ಟರು. ಗೋರಖನಾಥ ಗುಂಡಿಯ ಬದಿಗೆ ನಿಂತು ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದ.

ದಿನಗಳು ಕಳೆದ ಮೇಲೆ ಶೇವಂತಾಬಾಯಿ ಮತ್ತೆ ಬಂದಳು. ಗುಂಡಮ್ಮ ಅವಳನ್ನು ಕಟ್ಟೆಯ ಕೆಳಗೆ ಕೂಡಲು ಬಿಡಲಿಲ್ಲ. ಕೈ ಹಿಡಿದು ಒಳಗೆ ಕರೆದು ತನ್ನ ಪಕ್ಕದಲ್ಲಿ ಕೂಡಿಸಿಕೊಂಡಳು. ಇಬ್ಬರ ಕೈಗಳೂ ಈಗ ಒಂದೇ ತರ ಬರಿದಾಗಿದ್ದವು.

"ಎಣ್ಣಿ ಹಚ್ಚತಿದ್ದಾಕಿ ನಾನೇ," ಎಂದಳು ಗುಂಡಮ್ಮ. "ಅಮಾಸಿ ತಪ್ಪಿಸಿಲ್ಲ. ಹೊಳೀತಿತ್ತಲ್ಲ ಅದು, ಹ್ಯಾಂಗ ಹೊಳೀತಿತ್ತು!"

"ಎಣ್ಣಿ ಹಚ್ಚೋದು ತಪ್ಪಲ್ರಿ ಯವ್ವಾ. ಆದ್ರ ಎಣ್ಣಿ ಹೊರಗಿಂದು, ಆಯುಷ್ಯ ಒಳಗಿಂದು. ಗಾಲಿ ಮ್ಯಾಲ ಒಂದೊಂದು ಸಲ ಬಗ್ಗಿ ಎದ್ದಾಗ ಒಳಗ ಒಂದೊಂದು ನಾರು ಸಾಯ್ತದ. ಅದು ಕಣ್ಣಿಗಿ ಕಾಣಲ್ಲ. ಅದಕ್ಕ ನೋಡಬ್ಯಾಡ, ಎಣಸು ಅನ್ನೋದು."

"ಎಣಸೋದು ಹ್ಯಾಂಗ? ನಮಗ ಓದು ಬರಾ ಬರಲ್ಲ," ಎಂದಳು ಕಸ್ತೂರಿ.

ಶೇವಂತಾಬಾಯಿ ಹೊಸ ಹಗ್ಗದ ಬಾಲವನ್ನು ಅವಳ ಕೈಗೆ ಕೊಟ್ಟಳು. "ಗಂಟು ಹಾಕಾಕ ಬರ್ತದಲ್ಲ? ಯುಗಾದಿ ದಿನಾ ಬೇವು-ಬೆಲ್ಲ ತಿಂದು, ಕೈ ತೊಳದು, ಬಾಲಕ್ಕ ಒಂದು ಗಂಟು ಹಾಕು. ಒಂದೇ ಗಂಟಿನ ಮಟಾ ಮನುಷ್ಯಾರಿಗಿ, ತೊಟ್ಟಲಕ್ಕ. ಎರಡನೇ ಗಂಟು ಬಿದ್ರ ಎತ್ತಿಗಿ ಕೊಡು. ಮೂರನೇ ಗಂಟು ಬಿತ್ತೋ, ಅದು ಎಷ್ಟ ಚಲೋ ಕಾಣ್ಲಿ, ಮೊಳಾ ಮೊಳಾ ಕತ್ತರಿಸು. ಬೇಲಿ ಕಟ್ಟು, ಜೋಳದ ಕಣಕಿ ಸೂಡು ಕಟ್ಟು. ಉದ್ದಾ ಇಟ್ರ ಮತ್ತ ಯಾರಾದ್ರೂ ಸೊಂಟಕ್ಕ ಕಟ್ಕೋತಾರ."

ಮನೆಯ ಹಳೆಯ ನೇಮ ಅಂದಿಗೆ ತಲೆಕೆಳಗಾಯಿತು. ಹೊಸದು ಜೀವಕ್ಕೆ, ನಡುವಿನದು ನೀರಿಗೆ, ಹಳೆಯದು ಬೇಲಿಗೆ.

ಮುಂದಿನ ವೈಶಾಖದಲ್ಲಿ ಬಾವಿ ಮತ್ತೆ ಕೆಮ್ಮಿತು. ಹಾವಗೆಪ್ಪ ಮತ್ತೆ ಇಳಿದ, ಒಂದೇ ಗಂಟಿನ ಹಗ್ಗದ ಮೇಲೆ. ಕಸ್ತೂರಿ ಈ ಸಲ ಅಡಿಗೆಮನೆಯಲ್ಲಿ ಕಿವಿ ಮುಚ್ಚಿಕೊಂಡು ಕೂಡಲಿಲ್ಲ. ಕಟ್ಟೆಯ ಮೇಲೆ ಹಗ್ಗದ ಬಾಲ ಹಿಡಿದು ನಿಂತಳು. ತಳ ಮುಟ್ಟಿದ ಗಂಡ ಮೇಲೆ ಕೂಗಲಿಲ್ಲ, ನಗಲಿಲ್ಲ, ಅಪ್ಪ ಬಿದ್ದ ತಳ ಅದೇ ಅಲ್ಲವೆ. ಕೆಲಸ ಮುಗಿಸಿ ಮೇಲೆ ಬಂದ. ಅವನ ಕೈ ಕಟ್ಟೆಯ ಕಲ್ಲು ಹಿಡಿದಾಗ ಗುಂಡಮ್ಮ ಆ ಕೈಯನ್ನು ಎಷ್ಟು ಹೊತ್ತಾದರೂ ಬಿಡಲಿಲ್ಲ.

ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಈ ಕಥೆ ಓದಿ ಮುಗಿಸಿ ಎದ್ದವರು ನೇರ ನಿಮ್ಮ ಮನೆಯೊಳಗೆ ಹೋಗಿ. ತೊಟ್ಟಿಲ ಹಗ್ಗವನ್ನು ಮುಟ್ಟಿ, ಜೋಕಾಲಿಯ ಸರಪಳಿಯನ್ನು ಮುಟ್ಟಿ. ಒಲೆಯ ಹಿಂದಿನ ಗ್ಯಾಸ್ ಪೈಪನ್ನು ತಿರುಗಿಸಿ ನೋಡಿ. ಅದರ ಮೈಮೇಲೆ ಅದರ ಹಣೆಬರಹ, ಅಂದರೆ ಅದರ ಕೊನೆಯ ವರ್ಷ, ಅಚ್ಚಾಗಿರುತ್ತದೆ. ಗಾಡಿಯ ಟಾಯರು, ಹಿಟ್ಟಿನ ಗಿರಣಿಯ ಬೆಲ್ಟು, ನೀರೆತ್ತುವ ಮೋಟಾರಿನ ವೈರು, ಇವಕ್ಕೆಲ್ಲ ಒಂದು ಆಯುಷ್ಯ ಇದೆ. ಕೊಂಡ ದಿನವೇ ಕೇಳಿ: ಇದು ಎಷ್ಟು ವರ್ಷದ್ದು? ಕೇಳಿದ್ದನ್ನು ಬಾಗಿಲ ಹಿಂದೆ ಸುಣ್ಣದಲ್ಲಿ ಬರೆದಿಡಿ, ಬರೆಯಲು ಬಾರದಿದ್ದರೆ ಗಂಟು ಹಾಕಿಡಿ. ಇಷ್ಟು ದಿನ ತಡೆಯಿತು, ಇನ್ನೂ ತಡೆಯುತ್ತದೆ ಎನ್ನಬೇಡಿ. ಹಳೆಯದನ್ನು ಮಕ್ಕಳಿಗೆ ದಾಟಿಸಬೇಡಿ.

ನಿಮ್ಮ ಮನೆಯ ಹಗ್ಗ ಈಗ ಹಕ್ಕಿನ ದಿನ ದುಡಿಯುತ್ತಿದೆಯೋ, ದಾನದ ದಿನ ದುಡಿಯುತ್ತಿದೆಯೋ? ಬೆರಳು ಮಡಚಿ ಎಣಿಸಿ. ದಾನದ ದಿನ ಅನಿಸಿದರೆ ನಾಳೆಗೆ ಬಿಡಬೇಡಿ. ಮಡೆಪ್ಪನ ಕೈಗೂ ಕಟ್ಟೆಗೂ ನಡುವೆ ಉಳಿದದ್ದು ಒಂದೇ ಮೊಳ.